ಯಾರ ಬಲ?

ದೊಡ್ಡ ದೇವರನ್ನು ನೋಡಲು ಬಂದವರು ಚಿಕ್ಕ ಗುಡಿಗಳ ಮುಂದೆ ನಿಲ್ಲುವುದಿಲ್ಲ. ಪ್ರದಕ್ಷಿಣೆ ಹಾಕುವ ಕಾಲು ನಡೆಯುತ್ತಲೇ ಇರುತ್ತದೆ, ಕೈ ಒಮ್ಮೆ ಎದೆಗೂ ಹಣೆಗೂ ಹೋಗಿ ಬರುತ್ತದೆ, ಅಲ್ಲಿಗೆ ಆ ದೇವರ ಪಾಲಿನ ಭಕ್ತಿ ಮುಗಿಯಿತು. ಮದುವೆ ಮನೆಯಲ್ಲಿ ಬಾಗಿಲ ಹತ್ತಿರ ಕೂತ ದೂರದ ನೆಂಟರನ್ನು ‘ಊಟ ಆಯ್ತಾ’ ಎನ್ನುತ್ತ ದಾಟಿ ಹೋಗುತ್ತೇವಲ್ಲ, ಹಾಗೆ. ಆದರೆ ಒಂದು ಸಲ ನಿಂತು ನೋಡಿ. ದೊಡ್ಡ ಗುಡಿಯಲ್ಲಿ ಏನೇನಿದೆಯೋ ಅದೆಲ್ಲ ಇಲ್ಲೂ ಇದೆ: ಮೆಟ್ಟಿಲು ಮೆಟ್ಟಿಲಾಗಿ ಏರುವ ಪೀಠ, ಕಂಬ, ಬಳ್ಳಿ ಸುತ್ತಿದ ಬಾಗಿಲವಾಡ, ಅದರ ನೆತ್ತಿಯಲ್ಲಿ ಕುಳಿತ ಲಕ್ಷ್ಮಿ, ಮೇಲೊಂದು ಪುಟ್ಟ ಶಿಖರ. ಎಲ್ಲವೂ ಕುಗ್ಗಿದೆ, ಯಾವುದೂ ಬಿಟ್ಟುಹೋಗಿಲ್ಲ. ದೊಡ್ಡ ಬಾಗಿಲಲ್ಲಿ ಮಣಿಕಟ್ಟಿನಷ್ಟು ದಪ್ಪ ಇರುವ ಬಳ್ಳಿ ಇಲ್ಲಿ ಕಿರುಬೆರಳಿನಷ್ಟು. ಅಲ್ಲಿ ಉಳಿ ಜಾರಿದರೆ ಒಂದು ಎಲೆ ಹೋಗುತ್ತದೆ, ಇಲ್ಲಿ ಜಾರಿದರೆ ಬಳ್ಳಿಯೇ ಹೋಗುತ್ತದೆ.

ಇಂಥ ಗುಡಿಗಳನ್ನೇ ತಲೆತಲಾಂತರದಿಂದ ಮಾಡಿಕೊಂಡು ಬಂದ ಮನೆಯೊಂದಿತ್ತು. ಗರ್ಭಗುಡಿಯ ಕೆಲಸ ಹೆಸರುವಾಸಿ ಶಿಲ್ಪಿಗಳಿಗೆ ಹೋಗುತ್ತಿತ್ತು. ಆವರಣದ ಗೋಡೆಯುದ್ದಕ್ಕೂ ನಿಲ್ಲುವ ಗಣಪತಿ, ಅಮ್ಮನವರು, ಷಣ್ಮುಖ, ನವಗ್ರಹ ಎಂಬ ಪರಿವಾರ ದೇವತೆಗಳ ಗುಡಿಗಳು ಈ ಮನೆಗೆ ಬರುತ್ತಿದ್ದವು. ಹಾಗಾಗಿ ಜನ ಅವರನ್ನು ಪರಿವಾರದವರು ಎಂದೇ ಕರೆದರು. ಈಗ ಹೇಳುತ್ತಿರುವುದು ಆ ಮನೆಯ ಚಿಕ್ಕ ಸೊಸೆಯ ವಿಷಯ. ಅವಳ ಅಡ್ಡಹೆಸರು ಯಾರಬಲಕ್ಕ.

ಆ ಹೆಸರು ಬಂದದ್ದು ಅವಳು ಮದುವೆಯಾಗಿ ಬಂದ ಹೊಸತರಲ್ಲಿ. ಅವಳ ಅಪ್ಪ ಬಸ್ಸಿನ ಚಾಲಕ. ತವರಿನಲ್ಲಿ ಬಲ ಅಂದರೆ ಅಪ್ಪ ಕೂರುವ ಕಡೆ, ಎಡ ಅಂದರೆ ಜನ ಹತ್ತುವ ಕಡೆ. ಅದರಲ್ಲಿ ಎರಡು ಮಾತಿಲ್ಲ, ಎರಡು ಮಾತಾದರೆ ಬಸ್ಸು ಚರಂಡಿಯಲ್ಲಿರುತ್ತದೆ. ಇಲ್ಲಿ ಬಂದ ಮೇಲೆ ಕೆಲಸದ ಶೆಡ್ಡಿನಲ್ಲಿ ಮಾವ ಹೇಳಿದರು, “ಆ ನೀರಿನ ಬಕೆಟ್ಟನ್ನ ಬಲಗಡೆ ಇಡಮ್ಮ.” ಅವಳು ತನ್ನ ಬಲಗಡೆ ಇಟ್ಟಳು. ಮಾವ, ಭಾವ, ಗಂಡ ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ಮನೆಯಲ್ಲಿ ಬಲ ಎಂದರೆ ದೇವರ ಬಲ. ಕಲ್ಲು ಇನ್ನೂ ನೆಲದ ಮೇಲೆ ಅಂಗಾತ ಬಿದ್ದಿದ್ದರೂ, ಅದಕ್ಕೆ ಮೂಗಿಲ್ಲ ಕಣ್ಣಿಲ್ಲದಿದ್ದರೂ, ಅದರ ಎಡಬಲ ಮಾತ್ರ ಆಗಲೇ ತೀರ್ಮಾನವಾಗಿರುತ್ತದೆ. ಎದುರಿಗೆ ನಿಂತು ಕೆತ್ತುವವನಿಗೆ ಅದು ತಿರುವುಮುರುವು.

ಶೆಡ್ಡಿನಲ್ಲಿ ಸರಿ. ಅವರು ಈ ಲೆಕ್ಕವನ್ನು ಮನೆಗೂ ತಂದಿದ್ದರು. ಸಕ್ಕರೆ ಡಬ್ಬಿ ಕಪಾಟಿನ ಬಲಕ್ಕಿದೆ ಎಂದರೆ ಕಪಾಟು ನಮ್ಮನ್ನು ನೋಡುತ್ತ ನಿಂತಿದೆ ಎಂದು ತಿಳಿದು ಹುಡುಕಬೇಕು. ಅವರ ಮನೆಗೆ ದಾರಿ ಕೇಳಿಕೊಂಡು ಬಂದ ಆಟೋದವರು ಎಷ್ಟೋ ಜನ ಎದುರು ಬೀದಿಯಲ್ಲಿ ಸುತ್ತಿ ಸುಸ್ತಾಗಿ ಹೋಗಿದ್ದಾರೆ. ಸೊಸೆಗೆ ತಲೆ ಕೆಟ್ಟುಹೋಯಿತು. ಯಾರು ಏನು ಹೇಳಲಿ, ಮೊದಲು ಒಂದು ಪ್ರಶ್ನೆ ಕೇಳಿಯೇ ಕೈ ಹಾಕುವುದನ್ನು ಅಭ್ಯಾಸ ಮಾಡಿಕೊಂಡಳು.

“ಯಾರ ಬಲ?”

ಗಂಡನಿಗೆ ಅದು ದಿನನಿತ್ಯದ ತಮಾಷೆ. ತೋಳು ಮಡಚಿ ರಟ್ಟೆ ಉಬ್ಬಿಸಿ ತೋರಿಸುವನು. “ಯಾರ ಬಲ ಅಂತ ಕೇಳೋದೇನು? ನಂದೇ ಬಲ,” ಎನ್ನುವನು. ಕಡೆಗೆ ಹೆಸರೇ ಅಂಟಿಕೊಂಡಿತು. ಅವಳು ಬೇಸರಪಡಲಿಲ್ಲ. ಕೇಳದೆ ತಪ್ಪು ಮಾಡುವುದಕ್ಕಿಂತ ಕೇಳಿ ನಗೆಪಾಟಲಾಗುವುದು ಮೇಲು ಎಂಬುದು ಚಾಲಕನ ಮಗಳಿಗೆ ಗೊತ್ತಿತ್ತು.

ಮಾವ ಅವಳಿಗೆ ಕೊಟ್ಟ ಕೆಲಸ ಉಜ್ಜುವುದು. ಉಳಿಯ ಗಾಯಗಳೆಲ್ಲ ಮಾಯುವ ತನಕ ನೀರು ಬಿಟ್ಟುಕೊಂಡು, ಮರಳು ಹಾಕಿಕೊಂಡು, ಉಜ್ಜುಗಲ್ಲಿನಿಂದ ತಿಕ್ಕಬೇಕು. ಗಲ್ಲ, ಮೊಣಕಾಲು, ಸೀರೆಯ ನೆರಿಗೆಯ ಸಂದು. ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಬೆರಳು. ಎತ್ತಿ ಹಿಡಿದ ಬೆರಳನ್ನು ಕೆತ್ತುವಾಗ ಅದರ ಹಿಂದೆ ಒಂದಿಷ್ಟು ಕಲ್ಲನ್ನು ಆಸರೆಗೆ ಬಿಟ್ಟಿರುತ್ತಾರೆ. ಕೊನೆಗೆ ಆ ಆಸರೆ ತೆಗೆಯುವಾಗ ಸುತ್ತಿಗೆ ತಾಗಿಸಿದರೆ ಬೆರಳೂ ಜೊತೆಗೇ ಹೋಗುತ್ತದೆ. ಅರದಿಂದ ಉಜ್ಜಿ ಉಜ್ಜಿಯೇ ಅದನ್ನು ಸವೆಸಬೇಕು. ಅದಕ್ಕೆ ಬೆರಳು ಬಿಡಿಸುವುದು ಎನ್ನುತ್ತಾರೆ. ಆ ಮನೆಯಿಂದ ಹೊರಟ ದೇವರ ಬೆರಳುಗಳನ್ನೆಲ್ಲ ಬಿಡಿಸಿದವಳು ಅವಳೇ. ಆದರೂ ‘ಇದನ್ನು ಮಾಡಿದವರು ಯಾರು’ ಎಂದು ಯಾರಾದರೂ ಕೇಳಿದಾಗ ಉಜ್ಜಿದವಳ ಹೆಸರು ಬರುತ್ತಿರಲಿಲ್ಲ.

ಅವಳಿಗೆ ಉಳಿ ಬೇಕಿತ್ತು. ಇದನ್ನು ಅವಳು ಮನಸ್ಸಿನಲ್ಲಿ ಇಟ್ಟುಕೊಂಡು ಕೊರಗುವ ಪೈಕಿ ಅಲ್ಲ, ಬಾಯಿಬಿಟ್ಟು ಕೇಳಿದಳು. ಮಾವ ಹೇಳಿದರು, “ಕೆತ್ತೋದು ಯಾರಿಗಾದ್ರೂ ಬರುತ್ತೆ ತಾಯಿ. ಉಜ್ಜೋಕೆ ತಾಳ್ಮೆ ಬೇಕು, ಅದು ನಿನಗಿದೆ.” ಹೊಗಳುತ್ತಲೇ ಬಾಗಿಲು ಹಾಕುವುದು ಹೀಗೆ. ಮಾವ ಹೋದ ಮೇಲೆ ಗಂಡನನ್ನು ಕೇಳಿದಳು. ಅವನು “ನೋಡೋಣ” ಎಂದ. ಆ ‘ನೋಡೋಣ’ ಎಷ್ಟು ಕಾಲ ಬಾಳಿತೆಂದರೆ, ಅಷ್ಟರಲ್ಲಿ ಮಗಳು ಹುಟ್ಟಿ, ಬೆಳೆದು, ಮದುವೆಯಾಗಿ ಹೋದಳು.

ಕೊಡದಿದ್ದರೆ ಬಿಟ್ಟಾಳೆಯೇ? ಬಿಸಾಡಿದ ಚೂರುಗಳನ್ನು ಮನೆಗೆ ತಂದು, ಗಂಡನ ಸವೆದ ಉಳಿಗಳಲ್ಲಿ ಕಿವಿ, ಮೂಗು, ಬಳೆ ತೊಟ್ಟ ಮುಂಗೈ ಎಂದು ಕೆತ್ತುತ್ತಿದ್ದಳು. ಅಡುಗೆಮನೆಯ ಮುಚ್ಚಳಗಳ ಮೇಲೆ ಭಾರಕ್ಕೆ ಕಮಲದ ಮೊಗ್ಗು, ಗಾಳಿಗೆ ಬಾಗಿಲು ಬಡಿಯದಂತೆ ಒತ್ತಿಡಲು ಒಂದು ಪಾದ, ಕಿಟಕಿಯಲ್ಲಿ ಸಾಲಾಗಿ ಕಿವಿಗಳು. ಆ ಮನೆಯಲ್ಲಿ ಗುಟ್ಟು ಮಾತಾಡುವುದು ಕಷ್ಟ ಎಂದು ನೆಂಟರು ನಗುತ್ತಿದ್ದರು. ಗಂಡ ದಿನವೂ ಆ ಕಿವಿಗಳ ಪಕ್ಕದಲ್ಲೇ ಕೂತು ಚಹಾ ಕುಡಿದ, ಕಂಡೂ ಕಾಣದವನ ಹಾಗೆ.

ಶೆಡ್ಡಿನಲ್ಲಿ ಅವಳು ಕೂರುತ್ತಿದ್ದದ್ದು ಒಂದು ಉದ್ದನೆಯ ಕರಿಕಲ್ಲಿನ ಮೇಲೆ. ಯಾವುದೋ ದೊಡ್ಡ ಕೆಲಸದಲ್ಲಿ ಉಳಿದ ತುಂಡು. ಹಿಮ್ಮಡಿ ತಾಗಿದರೆ ಗಂಟೆಯ ಹಾಗೆ ಸದ್ದು ಮಾಡುತ್ತಿತ್ತು. ಒಳ್ಳೆಯ ಕಲ್ಲಿನ ಗುರುತು ಅದು, ಅಂಥ ಕಲ್ಲನ್ನು ಎಸೆಯಲು ಮಾವನಿಗೆ ಮನಸ್ಸಾಗಿರಲಿಲ್ಲ. “ಕೂತ್ಕೋ, ಇದು ನಿಂದು,” ಎಂದು ಅವರೇ ಕೊಟ್ಟಿದ್ದರು. ವರ್ಷಗಟ್ಟಲೆ ಕೂತು ಅದರ ಮೇಲ್ಮೈ ನುಣುಪಾಗಿತ್ತು.

ಮಾವನ ನಂತರ ಅಣ್ಣತಮ್ಮಂದಿರ ನಡುವೆ ಮಾತು ನಿಂತಿತು. ಕಾರಣ ಕೇಳಿದರೆ ನೀವು ನಗುತ್ತೀರಿ. ಚಿಕ್ಕ ಗುಡಿಯ ಶಿಖರ ದೊಡ್ಡ ಗುಡಿಯ ಸೂರನ್ನು ಮೀರಬಾರದು ಎಂಬುದು ಅವರ ಕಸುಬಿನ ಕಟ್ಟಳೆ. ಒಂದು ಗಣಪತಿ ಗುಡಿಯ ಶಿಖರ ಒಂದು ಬೆರಳಿನಷ್ಟು ಎತ್ತರವಾಯಿತು ಎಂದು ಅಣ್ಣ, ಆಗಲಿಲ್ಲ ಎಂದು ತಮ್ಮ. ಆ ಒಂದು ಬೆರಳಿಗೆ ಶೆಡ್ಡಿನ ನಡುವೆ ಮಾಡಿನವರೆಗೂ ತಗಡಿನ ಗೋಡೆ ಎದ್ದಿತು. ಈ ಕಡೆ ಒಬ್ಬನ ಸುತ್ತಿಗೆ, ಆ ಕಡೆ ಇನ್ನೊಬ್ಬನದು, ಒಬ್ಬರ ಕೆಲಸ ಒಬ್ಬರಿಗೆ ಕಾಣದು. ಯಾರಬಲಕ್ಕ ಮಾತ್ರ ತಗಡನ್ನು ಲೆಕ್ಕಕ್ಕೇ ಇಟ್ಟುಕೊಳ್ಳದೆ ಸುತ್ತಿ ಬಂದು ಇಬ್ಬರ ಕಲ್ಲನ್ನೂ ಉಜ್ಜಿಕೊಡುತ್ತಿದ್ದಳು.

ಹೀಗಿರುವಾಗ ಒಂದು ದೇವಸ್ಥಾನದಲ್ಲಿ ಅಮ್ಮನವರ ಚಿಕ್ಕ ಗುಡಿಯ ಕೆಲಸ ಬಂತು. ಗುಡಿ ಎದ್ದಿತು, ಬಾಗಿಲ ಇಕ್ಕೆಲದಲ್ಲಿ ಇಬ್ಬರು ಕಾವಲುಗಾತಿಯರು ಆಗಬೇಕು. ಮಾವನ ಹಳೆಯ ನಕ್ಷೆಯೇ ಇತ್ತು: ಹೊರಗಿನ ಕೈ ಗದೆಯ ಮೇಲೆ, ಒಳಗಿನ ಕೈಯ ತೋರುಬೆರಳು ಬಾಗಿಲ ಕಡೆ. ‘ಒಡತಿ ಒಳಗಿದ್ದಾಳೆ, ನೋಡಿಕೊಂಡು ಹೋಗು’ ಎಂದು ಅದರರ್ಥ. ಒಬ್ಬಳನ್ನು ಅಣ್ಣ, ಒಬ್ಬಳನ್ನು ತಮ್ಮ ಮಾಡುವುದೆಂದಾಯಿತು. ಮಾತಿಲ್ಲವಲ್ಲ, ಹಾಗಾಗಿ ದೇವಸ್ಥಾನ ಸಮಿತಿಯ ಕಾರ್ಯದರ್ಶಿಯ ಬಾಯಲ್ಲಿ ಅಣ್ಣ ಹೇಳಿ ಕಳಿಸಿದ. ಕಾರ್ಯದರ್ಶಿ ತಗಡಿನ ಈಚೆ ಬಂದು, “ನಿಮ್ಮಣ್ಣ ಬಲಗಡೆಯದು ಮಾಡ್ತಾರಂತೆ, ನೀವು ಎಡಗಡೆಯದು ಮಾಡ್ಬೇಕಂತೆ,” ಎಂದು ಕೇಳಿದ್ದನ್ನು ಕೇಳಿದ ಹಾಗೆಯೇ ಒಪ್ಪಿಸಿದರು.

ತಮ್ಮ ಇಲ್ಲಿ ತನ್ನ ಬುದ್ಧಿ ಉಪಯೋಗಿಸಿದ. ಕಾರ್ಯದರ್ಶಿ ಹೊರಗಿನವರು. ಹೊರಗಿನವರು ಎಡ ಅಂದರೆ ಎದುರು ನಿಂತು ನೋಡುವವರ ಎಡ. ಅದು ಅಮ್ಮನವರ ಬಲ. ಹೀಗೆ ತಿರುವಿಹಾಕಿ ಅಮ್ಮನವರ ಬಲಗಡೆಯವಳನ್ನು ಕೆತ್ತತೊಡಗಿದ. ತಗಡಿನಾಚೆ ಅಣ್ಣ ಕೆತ್ತುತ್ತಿದ್ದದ್ದೂ ಅವಳನ್ನೇ. ‘ಯಾರ ಬಲ’ ಎಂದು ಕೇಳಬೇಕಾದವಳು ಮಗಳ ಬಾಣಂತನಕ್ಕೆ ಹೋಗಿದ್ದಳು.

ಅವಳು ಮರಳಿ ಬಂದಾಗ ವಿಗ್ರಹಗಳು ಆಗಲೇ ಗುಡಿಯ ಬಾಗಿಲಲ್ಲಿ ಗೋಣಿ ಹೊದ್ದು ನಿಂತಿದ್ದವು. ಕೊನೆಯ ಉಜ್ಜಾಟಕ್ಕೆ ಅವಳು ಉಜ್ಜುಗಲ್ಲು ಹಿಡಿದು ಅಲ್ಲಿಗೇ ಹೋದಳು. ಅಣ್ಣತಮ್ಮ ಬೇರೆ ಬೇರೆ ಮೂಲೆಯಲ್ಲಿ ಮುಖ ತಿರುಗಿಸಿ ನಿಂತಿದ್ದರು. ಕಾರ್ಯದರ್ಶಿ ಒಂದು ಗೋಣಿ ಎಳೆದರು. ಭಾವ ಮಾಡಿದವಳು, ಬಾಗಿಲು ತೋರಿಸುತ್ತಿದ್ದಾಳೆ, ಲಕ್ಷಣವಾಗಿದ್ದಾಳೆ. ಇನ್ನೊಂದು ಗೋಣಿ ಎಳೆದರು. ಗಂಡ ಮಾಡಿದವಳೂ ಲಕ್ಷಣವಾಗಿಯೇ ಇದ್ದಳು, ಆದರೆ ಬಾಗಿಲಿಗೆ ಬೆನ್ನು ಕೊಟ್ಟು, ಆವರಣದ ಗೋಡೆಯ ಹತ್ತಿರ ಕೈಕಾಲು ತೊಳೆಯಲು ಹಾಕಿದ್ದ ನಲ್ಲಿಯನ್ನು ಬಹಳ ಗಂಭೀರವಾಗಿ ತೋರಿಸುತ್ತಿದ್ದಳು.

ಕಾರ್ಯದರ್ಶಿ ಆ ಬೆರಳಿನ ನೇರ ಹಿಡಿದು ನಲ್ಲಿಯವರೆಗೂ ನೋಡಿದರು.

“ಇವಳ್ಯಾಕೆ ಆ ಕಡೆ ತೋರಿಸ್ತಿದ್ದಾಳೆ?” ಎಂದರು ಕಾರ್ಯದರ್ಶಿ.

“ಮೊದಲು ಕಾಲು ತೊಳ್ಕೊಂಡು ಬಾ ಅಂತಿರಬೇಕು,” ಎಂದಳು ಯಾರಬಲಕ್ಕ. ಆಮೇಲೆ ತಡೆಯಲಾರದೆ ಅಲ್ಲೇ ಮೆಟ್ಟಿಲ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಗು ನಿಂತ ಮೇಲೆ ಇಬ್ಬರನ್ನೂ ನೋಡಿ ಕೇಳಿದಳು, “ನಾನಿಲ್ದೇ ಇದ್ದಾಗ ಒಬ್ರಾದ್ರೂ ಕೇಳಿದ್ರಾ, ಯಾರ ಬಲ ಅಂತ?”

ನಗುವ ಸರದಿ ಈಗ ಅವಳದು ಎಂದು ಇಬ್ಬರಿಗೂ ಗೊತ್ತಾಗಿತ್ತು.

ಪ್ರತಿಷ್ಠೆಯ ದಿನ ಎಲ್ಲರಿಗೂ ಹೇಳಿಯಾಗಿತ್ತು, ಮುಂದೂಡುವ ಮಾತಿರಲಿಲ್ಲ. ಇನ್ನೊಬ್ಬಳನ್ನು ಮಾಡಬೇಕು, ಅದಕ್ಕೆ ಕಲ್ಲು ಬೇಕು. ಈ ಕಲ್ಲಿನ ಗಣಿ ಮುಚ್ಚಿ ನೀರು ತುಂಬಿಕೊಂಡಿತ್ತು. ಬೇರೆ ಗಣಿಯದು ತಂದರೆ ಹಸಿರು ಛಾಯೆ. ಪಕ್ಕದಲ್ಲಿ ನಿಲ್ಲಿಸಿದರೆ ಬೇರೆ ಮನೆಯವಳು ಬಂದು ನಿಂತ ಹಾಗೆ ಕಾಣುತ್ತದೆ. ಶೆಡ್ಡಿನಲ್ಲಿ ಹುಡುಕಿದರು, ಹಿತ್ತಲಲ್ಲಿ ಹುಡುಕಿದರು. ಕಡೆಗೆ ಇಬ್ಬರ ಕಣ್ಣೂ ಒಂದೇ ಕಡೆ ಹೋಗಿ ನಿಂತಿತು. ಯಾರಬಲಕ್ಕ ಅದೇ ಗಣಿಯಿಂದ ಬಂದಿದ್ದ ತನ್ನ ಕಲ್ಲಿನ ಮೇಲೆ ಕಾಲು ನೀಡಿ ಕೂತಿದ್ದಳು. ಅವಳಿಗೆ ಅದು ಗುಡಿಯ ಮೆಟ್ಟಿಲ ಮೇಲೆ ನಗುತ್ತಿದ್ದಾಗಲೇ ಹೊಳೆದಿತ್ತು.

“ಅದನ್ನ ಬಿಟ್ಟುಕೊಡಮ್ಮ,” ಎಂದರು ಭಾವ. “ನಿಂಗೊಂದು ಒಳ್ಳೆ ಕುರ್ಚಿ ತರಿಸ್ತೀನಿ.”

“ಕುರ್ಚಿ ತರಿಸಿ ಭಾವ. ನೀವು ಕೂತ್ಕೊಳ್ಳೋಕೆ ಬೇಕಾಗುತ್ತೆ. ನಾನು ಕೆತ್ತುವಾಗ ನೀವು ನಿಂತೇ ನೋಡೋದು ಚೆನ್ನಾಗಿರಲ್ಲ.”

ಗಂಡ ಬಾಯಿ ತೆರೆದ. ‘ನೋಡೋಣ’ ಎನ್ನಲು ಹೊರಟಿದ್ದನೋ ಏನೋ, ಅವಳ ಮುಖ ನೋಡಿ ಅರ್ಧಕ್ಕೇ ನುಂಗಿಕೊಂಡ.

“ಇದು ಆಟ ಅಲ್ಲ. ಈ ಕಲ್ಲು ಹೋದ್ರೆ ಇನ್ನೊಂದು ಕಲ್ಲಿಲ್ಲ,” ಎಂದರು ಭಾವ.

“ಗೊತ್ತು. ಇಷ್ಟು ವರ್ಷ ನಿಮ್ಮ ದೇವರುಗಳ ಬೆರಳು ಬಿಡಿಸಿದ್ನಲ್ಲ, ಒಂದಾದ್ರೂ ಮುರಿದಿದ್ದೀನಾ? ಬೆರಳಿಗಿಂತ ಕಷ್ಟದ್ದು ಇನ್ನೇನಿದೆ ಹೇಳಿ. ಕಲ್ಲು ಮಾವ ನನಗೆ ಕೊಟ್ಟಿದ್ದು. ಉಳಿ ನಾನು ಹಿಡಿದ್ರೆ ಇದು ಗುಡಿಗೆ ಬರುತ್ತೆ. ಇಲ್ಲ ಅಂದ್ರೆ ನಾನು ಇದರ ಮೇಲೆ ಕೂತೇ ಇರ್ತೀನಿ.”

ಅವಳು ಹಿಡಿದ ಪಟ್ಟು ಬಿಡಲಿಲ್ಲ. ಭಾವ ತಗಡಿನಾಚೆ ಹೋಗಿ, ಬರುವಾಗ ತಾವು ಬಳಸುವ ಒಳ್ಳೆಯ ಉಳಿಗಳ ಚೀಲವನ್ನೇ ತಂದು ಅವಳ ಮುಂದೆ ಇಟ್ಟರು.

ಮೊದಲ ಏಟು ಹಾಕುವಾಗ ಅವಳಿಗೆ ಭಯವಾಗಿತ್ತು, ಅದಕ್ಕಿಂತ ಹೆಚ್ಚಾಗಿ ಸಂತೋಷವಾಗಿತ್ತು. ಎರಡನೆಯ ಏಟಿಗೆ ಭಯ ಹೋಯಿತು, ಸಂತೋಷ ಉಳಿಯಿತು.

ಅವಳು ಕೆಲಸ ಮಾಡಿದ ರೀತಿ ಆ ಮನೆಯಲ್ಲಿ ಯಾರೂ ಮಾಡದ್ದು. ನಲ್ಲಿ ತೋರಿಸುತ್ತಿದ್ದವಳನ್ನು ಶೆಡ್ಡಿಗೆ ವಾಪಸ್ಸು ತರಿಸಿ, ಎದುರಿಗೆ ಮನೆಯ ಅಲಮಾರಿಯ ನಿಲುಗನ್ನಡಿಯನ್ನು ಬಿಚ್ಚಿಸಿ ತಂದು ನಿಲ್ಲಿಸಿದಳು. ಬಲಗಡೆಯವಳು ಕನ್ನಡಿಯಲ್ಲಿ ಎಡಗಡೆಯವಳಾಗಿ ನಿಂತಳು. ಎಡಬಲದ ಲೆಕ್ಕಕ್ಕೆ ತಲೆ ಕೆಡಿಸಿಕೊಳ್ಳುವುದೇ ಬೇಡ, ಕಂಡದ್ದನ್ನು ಕೆತ್ತಿದರಾಯಿತು. “ಕನ್ನಡಿ ನೋಡ್ಕೊಂಡು ತಲೆ ಬಾಚೋರನ್ನ ಕಂಡಿದ್ದೆ,” ಎಂದು ಭಾವ ಮೂಗು ಮುರಿದರು. ಮುರಿದರೇ ಹೊರತು, ದಿನವೂ ತಗಡು ಸುತ್ತಿ ಬಂದು ಕುರ್ಚಿಯಲ್ಲಿ ಕೂತು ಕಣ್ಣಲ್ಲಿ ಕಣ್ಣಿಟ್ಟು ನೋಡುವುದನ್ನು ಬಿಡಲಿಲ್ಲ. ಕನ್ನಡಿಯಲ್ಲಿ ಕಲ್ಲಿನವಳ ಪಕ್ಕದಲ್ಲೇ ಉಳಿ ಹಿಡಿದ ಅವಳ ಮುಖವೂ ಕಾಣುತ್ತಿತ್ತು. ಹುಬ್ಬು ಗಂಟಿಕ್ಕಿಕೊಂಡು ಕೆಲಸ ಮಾಡುವ ಮುಖ. ಅದರಲ್ಲಿ ಸ್ವಲ್ಪ ಕಲ್ಲಿಗೂ ಇಳಿಯಿತು.

ಕಿರೀಟ ಮುಗಿಯಿತು, ಗದೆ ಮುಗಿಯಿತು, ಸೊಂಟದ ಪಟ್ಟಿಯ ಮಣಿಗಳು ಒಂದೊಂದಾಗಿ ಎದ್ದವು. ತೋರುವ ಕೈಗೆ ಬಂದಾಗ ಮುಂಗೈಯಿಂದ ಬೆರಳಿನ ಕಡೆಗೆ ಕೂದಲೆಳೆಯಂಥ ಬಿಳಿಗೆರೆ ಕಾಣಿಸಿತು.

ಭಾವ ಕುರ್ಚಿಯಿಂದ ಎದ್ದರು. “ನಿಲ್ಸು. ಬಿರುಕು.”

ಬಿರುಕಾದರೆ ಬೆರಳು ನಿಲ್ಲುವುದಿಲ್ಲ. ಬೆರಳಿಲ್ಲದ ಕಾವಲುಗಾತಿ ಗುಡಿಗೆ ಹೋಗುವುದಿಲ್ಲ. ಆಮೇಲೆ ಯಾರಬಲಕ್ಕ ಬದುಕಿರುವಷ್ಟು ದಿನವೂ, ‘ಒಂದು ಸಲ ಉಳಿ ಕೊಟ್ಟು ನೋಡಿದ್ವಲ್ಲ’ ಎಂಬ ಮಾತು ಆ ಶೆಡ್ಡಿನಲ್ಲಿ ಇರುತ್ತದೆ.

ಅವಳು ಉಳಿ ಕೆಳಗಿಟ್ಟು, ಚೊಂಬಿನಲ್ಲಿ ನೀರು ತಂದು ಆ ಕೈಯ ಮೇಲೆ ಹೊಯ್ದಳು. ಕಲ್ಲು ಕಪ್ಪಗೆ ಹೊಳೆಯಿತು. ಬಿರುಕಾದರೆ ನೀರು ಕುಡಿದಿರುತ್ತದೆ, ಸುತ್ತಲೂ ಒಣಗಿದ ಮೇಲೂ ಗೆರೆ ಮಾತ್ರ ಒದ್ದೆಯಾಗಿ ಕಾಣುತ್ತದೆ. ಬರೀ ಬಣ್ಣದ ಗೆರೆಯಾದರೆ ಎಲ್ಲದರ ಜೊತೆಗೇ ಒಣಗುತ್ತದೆ. ಮೂವರೂ ಸುತ್ತ ನಿಂತು ಕಲ್ಲು ಒಣಗುವುದನ್ನು ಕಾದರು. ಗಂಡ ಒಂದು ಕಡೆ, ಭಾವ ಒಂದು ಕಡೆ, ನಡುವೆ ಅವಳು. ಬೀದಿಯಲ್ಲಿ ಬಸ್ಸುಗಳು ಹೋದವು, ಯಾರೋ ಗಂಟಲು ಸರಿಮಾಡಿಕೊಂಡರು. ಕಲ್ಲಿನ ಅಂಚುಗಳು ಬೂದಿಬಣ್ಣಕ್ಕೆ ತಿರುಗಿದವು, ಮುಂಗೈ ತಿರುಗಿತು, ಬೆರಳು ತಿರುಗಿತು.

“ಗೆರೆ ಒಣಗ್ತಾ ಇದೆ ಕಣೋ,” ಎಂದರು ಭಾವ, ತಮ್ಮನಿಗೆ.

“ಹೌದಣ್ಣ, ಒಣಗ್ತಾ ಇದೆ,” ಎಂದ ತಮ್ಮ.

ಗಣಪತಿ ಗುಡಿಯ ಶಿಖರದ ಜಗಳದ ನಂತರ ಅವರಿಬ್ಬರು ಆಡಿದ ಮೊದಲ ಮಾತು ಅದು. ಆಡಿದ ಮೇಲೆ ಇಬ್ಬರೂ ಕಕ್ಕಾಬಿಕ್ಕಿಯಾದರು. ಅವಳಿಗೆ ಅದನ್ನು ಗಮನಿಸಲು ಪುರುಸೊತ್ತಿರಲಿಲ್ಲ. ಆಗಲೇ ಉಳಿ ಎತ್ತಿಕೊಂಡಿದ್ದಳು.

ಬೆರಳು ಬಿಡಿಸಿದ್ದು ಅವಳೇ, ಎಂದಿನ ಹಾಗೆ, ಅರ ಹಿಡಿದು. ಆಸರೆಯ ಕಲ್ಲು ಸವೆಯುತ್ತ ಸವೆಯುತ್ತ ಹಾಳೆಯಷ್ಟು ತೆಳುವಾಗಿ, ಅದರಾಚೆಯಿಂದ ಬೆಳಕು ಕಂಡಿತು. ಬೆರಳು ತನ್ನ ಪಾಡಿಗೆ ತಾನು ಗಾಳಿಯಲ್ಲಿ ನಿಂತಿತು. ಅವಳು ಅದರ ತುದಿಯನ್ನು ತನ್ನ ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿದಳು. ಅಲುಗಲಿಲ್ಲ. ಅರವನ್ನು ಕೆಳಗಿಟ್ಟು, ಸೆರಗಿನಲ್ಲಿ ಮುಖ ಒರೆಸಿಕೊಂಡು, ಜೋರಾಗಿಯೇ ಹೇಳಿದಳು, “ಆಯ್ತು. ನಾನು ಮಾಡ್ದೆ.”

ಇನ್ನು ಉಜ್ಜುವುದಿತ್ತು. ಅವಳು ಉಜ್ಜುಗಲ್ಲುಗಳನ್ನು ತಂದು ಒಂದನ್ನು ಗಂಡನ ಕೈಗೂ ಇನ್ನೊಂದನ್ನು ಭಾವನ ಕೈಗೂ ಕೊಟ್ಟು, ತಾನು ಹೋಗಿ ಕುರ್ಚಿಯಲ್ಲಿ ಕೂತಳು.

“ಗಲ್ಲದ ಕೆಳಗೆ ಇನ್ನೂ ಉಳಿ ಗುರುತಿದೆ ಭಾವ. ರೀ, ನೀರು ಹಾಕ್ಕೊಂಡು ಉಜ್ಜಿ, ಒಣ ಉಜ್ಜಿದ್ರೆ ಗೀರು ಬೀಳುತ್ತೆ.”

“ನನ್ನ ರಟ್ಟೆ ಬಿದ್ದುಹೋಯ್ತು ಕಣೆ,” ಎಂದ ಗಂಡ.

“ಉಜ್ಜೋಕೆ ತಾಳ್ಮೆ ಬೇಕು ರೀ. ಅದು ಎಲ್ಲರಿಗೂ ಬರಲ್ಲ.”

ಪ್ರತಿಷ್ಠೆಯ ದಿನ ಇಬ್ಬರು ಕಾವಲುಗಾತಿಯರೂ ಅಮ್ಮನವರ ಬಾಗಿಲಲ್ಲಿ ನಿಂತರು, ಇಬ್ಬರ ಬೆರಳೂ ಬಾಗಿಲ ಕಡೆಗೆ. ಒಂದೇ ಬಣ್ಣ, ಒಂದೇ ಎತ್ತರ, ಕನ್ನಡಿ ಹಿಡಿದಷ್ಟು ಜೋಡಿ. ಆದರೂ ಒಂದು ವ್ಯತ್ಯಾಸವಿತ್ತು. ಭಾವ ಮಾಡಿದವಳು ದಾರಿ ತೋರಿಸುತ್ತಿದ್ದಳು; ಯಾರಬಲಕ್ಕ ಮಾಡಿದವಳು ಹುಬ್ಬು ಗಂಟಿಕ್ಕಿ, ‘ಎಲ್ಲಿಗೆ ಓಡ್ತಿದ್ದೀಯ, ನಿಂತು ಹೋಗು’ ಎನ್ನುತ್ತಿದ್ದಳು. ದೊಡ್ಡ ದೇವರ ಪ್ರದಕ್ಷಿಣೆಗೆ ಹೊರಟಿದ್ದ ಒಬ್ಬ ಅಜ್ಜಿ ಆ ಮುಖ ನೋಡಿದ್ದೇ ತಡ, ಸೆರಗು ಸರಿಮಾಡಿಕೊಂಡು ನಿಂತೇಬಿಟ್ಟರು. ಅವರ ಹಿಂದಿದ್ದವರೂ ನಿಂತರು. ಸ್ವಲ್ಪ ಹೊತ್ತಿಗೆ ಆ ಚಿಕ್ಕ ಗುಡಿಯ ಮುಂದೆ ಸಾಲು ಬೆಳೆದು ನಲ್ಲಿಯವರೆಗೂ ಮುಟ್ಟಿತು. ಅವಳು ಕಂಬದ ಪಕ್ಕ ನಿಂತು ಕಣ್ತುಂಬ ನೋಡಿದಳು. ಇದನ್ನು ಮಾಡಿದವರು ಯಾರು ಎಂದು ಯಾರೋ ಕೇಳಿದರು. ಭಾವ ಗಟ್ಟಿಯಾಗಿ, ಸಾಲಿನ ಕೊನೆಯವರಿಗೂ ಕೇಳುವ ಹಾಗೆ ಹೇಳಿದರು, “ನಮ್ಮನೆ ಚಿಕ್ಕ ಸೊಸೆ.”

ಅವಳು ಮಾರನೆಯ ದಿನ ಶೆಡ್ಡಿಗೆ ಬಂದಾಗ ತಗಡಿನ ಗೋಡೆ ಇರಲಿಲ್ಲ. ಅದಿದ್ದ ಜಾಗದಲ್ಲಿ ಬೆಳಕು ಚೆನ್ನಾಗಿ ಬೀಳುವ ಕಡೆ, ಒಂದು ಹೊಸ ಕಲ್ಲು ಮಲಗಿತ್ತು, ಮುಂದೆ ಭಾವ ತರಿಸಿದ್ದ ಕುರ್ಚಿ, ಪಕ್ಕದಲ್ಲಿ ಉಳಿಗಳ ಚೀಲ. ಮುಂದಿನ ಗುಡಿಯ ಷಣ್ಮುಖನ ಕಲ್ಲು ಅದು. ಅವಳು ಹೋಗಿ ಕೂತಳು. ಕೂತಲ್ಲಿಂದ ನೋಡುತ್ತಾಳೆ, ಗಂಡನೂ ಭಾವನೂ ಸೇರಿ, ನಲ್ಲಿ ತೋರಿಸುತ್ತಿದ್ದವಳನ್ನು ಹಗ್ಗ ಕಟ್ಟಿ ಶೆಡ್ಡಿನ ಬಾಗಿಲ ಹತ್ತಿರ ಜರುಗಿಸುತ್ತಿದ್ದಾರೆ.

“ಅವಳನ್ನ ಎಲ್ಲಿಗೆ ತಗೊಂಡು ಹೋಗ್ತಿದ್ದೀರಿ?”

“ಇವಳಿಗೂ ಒಂದು ಬಾಗಿಲು ಬೇಡ್ವಾ? ಇಲ್ಲೇ ನಿಲ್ಸೋಣ ಅಂತ,” ಎಂದ ಗಂಡ, ಏದುಸಿರು ಬಿಡುತ್ತ. “ಬಲಗಡೆ.”

ಅವಳ ಬಾಯಿಗೆ ಅಭ್ಯಾಸದಂತೆ ಆ ಪ್ರಶ್ನೆ ಬಂತು. “ಯಾರ ಬಲ?”

ಅವನು ತೋಳು ಮಡಚಲಿಲ್ಲ, ರಟ್ಟೆ ತೋರಿಸಲಿಲ್ಲ. ಕಾವಲುಗಾತಿಯನ್ನು ಬಾಗಿಲ ಪಕ್ಕ ಊರಿ ನಿಲ್ಲಿಸಿ, ಬೆರಳಿನ ನೇರ ಸರಿಯಾಗಿದೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡಿದ. ಬೆರಳು ಬಾಗಿಲ ಒಳಗೆ, ಕುರ್ಚಿಯ ಕಡೆ ಇತ್ತು.

“ಒಳಗೆ ಕೂತಿರೋಳ ಬಲ,” ಎಂದ. “ನಿನ್ನ ಬಲ.”